ಕರಿ ದಿನದ ಕೌಜುಗ

ನನ್ನ ತಮ್ಮನಿಗೆ ಹಕ್ಕಿ ಕರೆಯಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅವನು ಊರೆಲ್ಲ ಹೇಳಿಕೊಂಡು ತಿರುಗುವುದೇ ಬೇರೆ. ಅಪ್ಪನ ವಿದ್ಯೆಯೆಲ್ಲ ತನಗೇ ಬಂದಿದೆಯೆಂದು ಅವನು ಶಹಾಪುರದ ಚಹಾದಂಗಡಿಯಲ್ಲಿ ಕೂತು ಮೀಸೆ ತಿರುವಿದ್ದು ನನ್ನ ಕಿವಿಗೂ ಬಿದ್ದಿದೆ. ಅವನು ಬಾಯಿಗೆ ಕೈಯಿಟ್ಟು ಕೂಗಿದರೆ ಕೌಜುಗ ಬರುವುದಿರಲಿ, ಹಿತ್ತಲಿನ ಕೋಳಿಯೂ ತಲೆ ಎತ್ತಿ ನೋಡುವುದಿಲ್ಲ. ಕರೆಯಲು ಬರುವುದು ನನಗೆ.

ವನದುರ್ಗದ ಕೋಟೆಗುಡ್ಡದಿಂದ ಸ್ವಲ್ಪ ದೂರದಲ್ಲಿ ನಮ್ಮೂರು. ಊರ ಬೆನ್ನಿಗೊಂದು ಕಲ್ಲುಗುಡ್ಡವಿದೆ. ಬಂಡೆಗಳ ಸಂದಿಯಲ್ಲಿ ಕಾರೆಕಂಟಿಯ ಪೊದೆ, ಜಾಲಿ, ಒಣಹುಲ್ಲು. ಕೌಜುಗಗಳ ಸಂಸಾರವೆಲ್ಲ ಅಲ್ಲಿಯೇ. ಕಾಣದವರಿಗಾಗಿ ಹೇಳುತ್ತೇನೆ: ಕೋಳಿಯ ಜಾತಿಯದೇ ಹಕ್ಕಿ, ಗುಂಡಗೆ, ಮಣ್ಣಿನ ಬಣ್ಣ, ಮೈತುಂಬ ಗೆರೆ. ಹಾರುವುದಕ್ಕೆ ಸೋಮಾರಿ, ಓಡುವುದಕ್ಕೆ ಜಾಣ. ಕಣ್ಣು ಮಾತ್ರ ಬಲು ಚುರುಕು. ಯುಗಾದಿಯ ಹೊತ್ತಿಗೆ ಗಂಡುಹಕ್ಕಿಗೆ ಸೊಕ್ಕು ಏರಿರುತ್ತದೆ. ತನ್ನ ಜಾಗದಲ್ಲಿ ಇನ್ನೊಂದು ಗಂಡಿನ ಕೂಗು ಕೇಳಿತೆಂದರೆ ಜಗಳಕ್ಕೆ ಓಡೋಡಿ ಬರುತ್ತದೆ. ಆ ಕೂಗನ್ನು ಬಾಯಲ್ಲಿ ಹುಟ್ಟಿಸುವುದೇ ಅಪ್ಪನ ವಿದ್ಯೆಯಾಗಿತ್ತು.

ಅಪ್ಪ ತಮ್ಮನಿಗೇ ಕಲಿಸಬೇಕೆಂದಿದ್ದ. ತಮ್ಮನಿಗೆ ಕಂಟಿಯಲ್ಲಿ ಕೂರುವ ತಾಳ್ಮೆಯೇ ಇರಲಿಲ್ಲ. ನಾನು ಆಡು ಕಾಯಲು ಹೋದವಳು ಅಪ್ಪನ ಪಕ್ಕ ಕೂತು ಕೇಳಿ ಕೇಳಿ ಕಲಿತೆ. ಹಕ್ಕಿಯದು ಒಂದೇ ಕೂಗಲ್ಲ. ಗಂಡು ಸವಾಲು ಹಾಕುವ ಕೂಗು ಬೇರೆ, ಹೆಣ್ಣು ಕರೆಯುವುದು ಬೇರೆ, ಅಪಾಯ ಕಂಡಾಗ ಗಂಟಲಲ್ಲಿ ಕಿರ್ರೆನ್ನುವುದು ಬೇರೆ. ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ಕೂರಬೇಕು. ಇಳಿಜಾರಿನ ಮೇಲ್ಬದಿಗೆ ಕೂರಬೇಕು, ಹಕ್ಕಿ ಏರುಮುಖವಾಗಿ ಓಡುತ್ತದೆ. ಒಮ್ಮೆ ಕರೆದು ಸುಮ್ಮನಾಗಬೇಕು. ಹೆಚ್ಚು ಕರೆದರೆ ಅದಕ್ಕೆ ಸಂಶಯ ಬರುತ್ತದೆ. "ಮಾತು ಕಮ್ಮಿ ಇದ್ದಾಕಿಗಿ ಹಕ್ಕಿ ಬರ್ತಾವ" ಎನ್ನುತ್ತಿದ್ದ ಅಪ್ಪ. ನನಗೆ ಮಾತು ಕಮ್ಮಿ ಎಂದು ಯಾರೂ ಹೇಳಿಲ್ಲ, ಆದರೂ ಹಕ್ಕಿ ಬಂದವು.

ಗಂಡ ಸುರಪುರದಲ್ಲಿ ಇನ್ನೊಬ್ಬಳನ್ನು ಇಟ್ಟುಕೊಂಡಾಗ ನಾನು ಹೊಲಿಗೆ ಯಂತ್ರ ಹೊತ್ತುಕೊಂಡು ತವರಿಗೆ ಬಂದೆ. ಕೊನೆಯ ವರ್ಷಗಳಲ್ಲಿ ಅಪ್ಪನ ಉಚ್ಚೆ ಬಳಿದವಳು ನಾನು. ಅವನು ಸತ್ತ ಮೇಲೆ ನೋಡಿದರೆ ಮನೆಯ ಕಾಗದದಲ್ಲಿ ತಮ್ಮನ ಹೆಸರೊಂದೇ ಇತ್ತು. ಕೌಜುಗದ ಕೂಗು ಮಗಳಿಗೆ, ಮನೆ ಮಗನಿಗೆ. ಅಪ್ಪನ ಮೇಲೆ ನನಗೆ ಈಗಲೂ ಸಿಟ್ಟಿದೆ, ಅದನ್ನು ಮುಚ್ಚಿಡುವ ಮನಸ್ಸಿಲ್ಲ. ತಮ್ಮ ಯಾದಗಿರಿಯಲ್ಲಿ ಬಾಡಿಗೆ ಮನೆ ಮಾಡಿ ರಸ್ತೆ ಕೆಲಸದ ಸಣ್ಣ ಗುತ್ತಿಗೆಗಳ ಹಿಂದೆ ಬಿದ್ದಿದ್ದ. ನಾನು ಊರ ಮನೆಯ ಪಡಸಾಲೆಯಲ್ಲಿ ಯಂತ್ರ ಹಾಕಿಕೊಂಡು ಊರ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದೆ. ಆ ಪಡಸಾಲೆಯೇ ನನ್ನ ಅನ್ನ, ಅದೇ ನನ್ನ ಸೂರು. ಅದನ್ನು ಬಿಟ್ಟರೆ ನನಗೆ ಹೋಗಲು ಜಾಗವಿರಲಿಲ್ಲ, ಮತ್ತು ಅದು ತಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನು ನಮ್ಮೂರ ಕರಿಯ ವಿಷಯ. ಯುಗಾದಿಯ ಮರುದಿನ ಕರಿ. ಅವತ್ತು ಗಂಡಸರು ಬೆಳಿಗ್ಗೆ ಗುಡ್ಡಕ್ಕೆ ಬೇಟೆಗೆ ಹೋಗಬೇಕು, ಬಿಸಿಲೇರುವಷ್ಟರಲ್ಲಿ ಏನಾದರೂ ಹೊಡೆದುಕೊಂಡು ಬರಬೇಕು. ಹೆಂಗಸರು ಊರ ಹೆಬ್ಬಾಗಿಲಾದ ಅಗಸಿಯಲ್ಲಿ ಸಗಣಿ ನೀರಿನ ಬಕೆಟ್ಟು ಹಿಡಿದು ಕಾಯುತ್ತಾರೆ. ಬರಿಗೈಲಿ ಬಂದವನ ತಲೆಯ ಮೇಲೆ ಸುರಿಯುತ್ತಾರೆ, ಬಾಯಿಗೆ ಬಂದದ್ದು ಅನ್ನುತ್ತಾರೆ. "ಏನ್ ಹೊಡದ್ಯೋ, ಹಲ್ಲಿ ಹೊಡದ್ಯೇನು? ಹೆಂಡ್ತಿ ಸೀರಿ ಉಟ್ಕೊಂಡು ಮನ್ಯಾಗ ಕುಂಡ್ರಬೇಕಿತ್ತಿಲ್ಲ?" ವರ್ಷವೆಲ್ಲ ಗಂಡಸರ ಬೈಗುಳ ತಿಂದ ಹೆಂಗಸರು ಅವತ್ತೊಂದು ದಿನ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತಾರೆ. ನಾನಂತೂ ಬಕೆಟ್ಟು ತುಂಬಿಸುವುದರಲ್ಲಿ ಯಾರಿಗೂ ಕಮ್ಮಿಯಿರಲಿಲ್ಲ.

ಆಮೇಲೆ ಕಾನೂನು ಬಂತು ಎನ್ನುತ್ತಾರೆ. ಕಾನೂನು ನಾನು ಹುಟ್ಟುವ ಮೊದಲೇ ಇತ್ತು, ನಮ್ಮೂರಿಗೆ ಬರಲು ತಡವಾಯಿತು, ಅಷ್ಟೇ. ಗುಡ್ಡದ ದಾರಿಗೆ ಅರಣ್ಯ ಇಲಾಖೆಯ ಹಸಿರು ಫಲಕ ಬಿತ್ತು. ಒಂದು ಕರಿ ದಿನ ನೆರೆಯೂರಿನವರ ಬಲೆ, ನಾಯಿ, ಮೋಟರ್‌ಸೈಕಲ್ ಎಲ್ಲ ಜಪ್ತಿಯಾದವು. ಅವತ್ತು ಬಂದಿದ್ದ ಅರಣ್ಯ ರಕ್ಷಕ ನಮ್ಮೂರ ಕಟ್ಟೆಯಲ್ಲಿ ನಿಂತು ಬಿಡಿಸಿ ಹೇಳಿದ. ನವಿಲೇ ಆಗಲಿ ಕೌಜುಗವೇ ಆಗಲಿ, ಹೊಡೆಯುವಂತಿಲ್ಲ. ಬಲೆ ಹಾಕುವಂತಿಲ್ಲ, ಆಸೆ ತೋರಿಸಿ ಕರೆಯುವಂತೆಯೂ ಇಲ್ಲ. ಹೊಡೆದವನೂ ಬೇಟೆಗಾರ, ಅವನಿಗೋಸ್ಕರ ಕರೆದವನೂ ಬೇಟೆಗಾರ. ಅಲ್ಲಿಂದೀಚೆಗೆ ಗಂಡಸರು ಬಡಿಗೆ ಹಿಡಿದು ಗುಡ್ಡ ಸುತ್ತಿ, ಮೊದಲೇ ಅಡಗಿಸಿಟ್ಟ ಜವಾರಿ ಹುಂಜವನ್ನು ತರುತ್ತಾರೆ. ಹೆಂಗಸರು ಹುಂಜದ ಒಡತಿ ಯಾರೆಂದು ಗೊತ್ತಿದ್ದೂ ಅರ್ಧ ಬಕೆಟ್ಟು ಮಾತ್ರ ಸುರಿಯುತ್ತಾರೆ. ಹೀಗೆ ಕಾನೂನೂ ಉಳಿಯಿತು, ಕರಿಯೂ ಉಳಿಯಿತು.

ತಮ್ಮನಿಗೆ ಇಷ್ಟು ಸಾಲಲಿಲ್ಲ. ಅವನಿಗೆ ಕಲಬುರಗಿಯ ದೊಡ್ಡ ಗುತ್ತಿಗೆದಾರನೊಬ್ಬನ ಗುಂಗು ಹಿಡಿದಿತ್ತು. ಹೆಸರು ಬೇಡ, ತಮ್ಮ ಅವನನ್ನು ಸಾಹೇಬ ಎನ್ನುತ್ತಿದ್ದ, ನಾನೂ ಹಾಗೆಯೇ ಕರೆಯುತ್ತೇನೆ. ಸಾಹೇಬನಿಗೆ ಮೊಬೈಲಿನಲ್ಲಿ ಅಮೆರಿಕದ ಬೇಟೆಯ ವಿಡಿಯೋ ನೋಡುವ ಚಟ. ಅಲ್ಲಿ ಕಾಡಿನಲ್ಲಿ ಟರ್ಕಿ ಕೋಳಿಗಳಿವೆಯಂತೆ, ಅವನ್ನು ಕೂಗಿ ಕರೆದು ಹೊಡೆಯುತ್ತಾರಂತೆ. ಸಾಹೇಬ ಅದನ್ನು ಕಂಡು ಬಂದೂಕಿನ ಮೇಲೆ ಬಿಲ್ಲು ಅಡ್ಡ ಮಲಗಿಸಿದಂಥ ಒಂದು ಹತಾರ ತರಿಸಿದ್ದ. ಅಡ್ಡಬಿಲ್ಲು. ಎಳೆದು ಕೊಕ್ಕೆಗೆ ಸಿಕ್ಕಿಸಿ ಬಂದೂಕಿನಂತೆ ಕುದುರೆ ಒತ್ತಿದರೆ ಮೊಳದುದ್ದದ ಬಾಣ ಸದ್ದಿಲ್ಲದೆ ಹೋಗುತ್ತದೆ. ನಮ್ಮೂರ ಕರಿಯ ಕಥೆಯನ್ನು ತಮ್ಮ ಅವನಿಗೆ ಹೇಳಿದ್ದ, ಮನೆಯಲ್ಲೇ ಹಕ್ಕಿ ಕರೆಯುವವರಿದ್ದಾರೆ ಎಂದೂ ಹೇಳಿದ್ದ. ಯಾರು ಕರೆಯುವವರು ಎಂಬುದನ್ನು ಹೇಳಿರಲಿಲ್ಲ.

ಯುಗಾದಿಗೆ ಕೆಲವು ದಿನ ಮುಂಚೆ ತಮ್ಮ ಬಂದು ನನ್ನ ಯಂತ್ರದೆದುರು ಕುಕ್ಕರಗಾಲಲ್ಲಿ ಕೂತ. ಅವನು ಹಾಗೆ ಕೂತರೆ ಏನೋ ಕೇಳಲಿದ್ದಾನೆ ಎಂದೇ ಅರ್ಥ.

"ಅಕ್ಕಾ, ಕರಿ ದಿನ ಸಾಹೇಬ್ರು ಬರಾಕತ್ತಾರ. ನೀ ಗುಡ್ಡಕ್ಕ ಬಂದು ಕರೀಬೇಕು."

"ನಾ ಬರಂಗಿಲ್ಲ. ಕೇಸ್ ಆಗ್ತದ."

"ಯಾರ್ ನೋಡ್ತಾರ? ಆ ಬಿಲ್ಲಿಗಿ ಸಪ್ಪಳ ಇಲ್ಲ."

"ನನ್ನ ಬಾಯಿಗಿ ಸಪ್ಪಳ ಅದ."

ಅವನು ಸ್ವಲ್ಪ ಹೊತ್ತು ನೆಲ ಕೆರೆದ. ಆಮೇಲೆ ತಲೆ ಎತ್ತದೆಯೇ ಹೇಳಿದ: "ಹಂಗಾರ ಪಡಸಾಲಿ ಖಾಲಿ ಮಾಡು. ಸಿಮೆಂಟ್ ಚೀಲ ಇಡಾಕ ಜಾಗ ಬೇಕಾಗ್ಯದ."

ಹೆಣ್ಣುಮಕ್ಕಳಿಗೂ ಪಾಲಿದೆ, ಕೋರ್ಟಿಗೆ ಹೋಗು ಎಂದು ಹೇಳುವವರು ಬಹಳ ಮಂದಿ. ಕೋರ್ಟಿಗೆ ಹೋಗಿ ಬರುವ ವರ್ಷಗಳಲ್ಲಿ ಯಂತ್ರ ಎಲ್ಲಿಡಬೇಕು ಎಂದು ಅವರು ಹೇಳುವುದಿಲ್ಲ. ನಾನು ದಾರ ಕಡಿದು, "ಬರ್ತೀನಿ ಹೋಗು" ಎಂದೆ. ಆದರೆ ಏನು ಕೂಗುತ್ತೇನೆ ಎಂಬುದು ನನಗೆ ಬಿಟ್ಟದ್ದು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಕರಿ ದಿನ ಸೂರ್ಯ ಹುಟ್ಟುವ ಹೊತ್ತಿಗೆ ತಮ್ಮ ತನ್ನ ಜೀಪಿನಲ್ಲಿ ಸಾಹೇಬನನ್ನು ಗುಡ್ಡದ ಬುಡಕ್ಕೆ ಕರೆತಂದ. ಸಾಹೇಬನನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಮೈತುಂಬ ಹಸಿರೆಲೆಯ ಚಿತ್ರವಿರುವ ಅಂಗಿ, ಪ್ಯಾಂಟು, ಮುಖಕ್ಕೂ ಹಸಿರು ಜಾಳಿಗೆ. ನಮ್ಮ ಗುಡ್ಡದಲ್ಲಿ ಆ ತಿಂಗಳು ಹಸಿರು ಎಂಬುದೇ ಇರುವುದಿಲ್ಲ. ಒಣಹುಲ್ಲಿನ ನಡುವೆ ಅವನೊಬ್ಬನೇ ಹಸಿರಾಗಿ ನಿಂತಿದ್ದ. ಜೀಪಿನಿಂದ ಒಂದು ರಬ್ಬರಿನ ಹಕ್ಕಿ ಇಳಿಸಿದ. ಅದು ಟರ್ಕಿ ಕೋಳಿಯ ಹೆಣ್ಣಂತೆ, ಅದನ್ನು ಕಂಡರೆ ಗಂಡು ಹತ್ತಿರ ಬರುತ್ತದಂತೆ. ಆಡಿನ ಮರಿಯಷ್ಟು ದೊಡ್ಡದು. ನಮ್ಮ ಕೌಜುಗ ಅದನ್ನು ನೋಡಿದರೆ ಮದುವೆಗೆ ಬರುವುದಿಲ್ಲ, ಊರು ಬಿಡುತ್ತದೆ.

"ಇದನ್ನ ಇಲ್ಲೇ ಇಟ್ಟು ನಡೀರಿ ಸಾಹೇಬ್ರ" ಎಂದೆ.

"ನಿನಗೇನು ಗೊತ್ತಮ್ಮ" ಎಂದ. ತಮ್ಮ ನನ್ನನ್ನು ಕೆಂಗಣ್ಣಿನಿಂದ ನೋಡಿ, ಅದನ್ನು ತಾನೇ ಹೊತ್ತುಕೊಂಡ.

ಹತ್ತುವಾಗ ಸಾಹೇಬ ಉದ್ದಕ್ಕೂ ಅಮೆರಿಕದ ಕಾನೂನು ಹೇಳುತ್ತಿದ್ದ. ಅಲ್ಲಿ ಬೇಟೆಗೆ ಲೈಸನ್ಸ್ ಕೊಡುತ್ತಾರೆ, ಹಂಗಾಮು ಇದೆ, ಒಬ್ಬನಿಗೆ ಇಷ್ಟೇ ಹಕ್ಕಿ ಎಂದು ಗೊತ್ತುಮಾಡಿರುತ್ತಾರೆ. ಅಡ್ಡಬಿಲ್ಲಿಗೆ ಒಂದು ರಾಜ್ಯದಲ್ಲಿ ಒಂದು ಕಾಯ್ದೆ, ಪಕ್ಕದ ರಾಜ್ಯದಲ್ಲಿ ಇನ್ನೊಂದು. "ಅಲ್ಲಿ ಸಿಸ್ಟಮ್ ಇದೆ, ನಮ್ಮಲ್ಲಿ ಬರೀ ಬೇಡ ಅನ್ನೋದು" ಎಂದು ಮೂಗು ಮುರಿದ. ಅಷ್ಟೆಲ್ಲ ಕಾಯ್ದೆ ಬಾಯಿಪಾಠ ಮಾಡಿದವನಿಗೆ ನಮ್ಮ ಗುಡ್ಡದ ದಾರಿಯಲ್ಲಿದ್ದ ಒಂದೇ ಸಾಲಿನ ಫಲಕ ಕಾಣಲಿಲ್ಲ. ಬೇರೆಯವರ ಮನೆಯ ಕಾನೂನು ಪಾಲಿಸುವುದು ಬಹಳ ಸುಲಭ.

ಅಪ್ಪನ ಕಾಲದಲ್ಲಿ ಒಂದು ಕಟ್ಟುನಿಟ್ಟು ಇತ್ತು. ಕರೆಯುವವನು ಕೂತ ಕಂಟಿಯ ಹಿಂಬದಿಗೆ ಕೆಂಪು ಬಟ್ಟೆ ಕಟ್ಟಬೇಕು. ಹಕ್ಕಿಗೆ ಕಾಣಬಾರದು, ಹಿಂದಿರುವ ಮನುಷ್ಯರಿಗೆ ಕಾಣಬೇಕು. ಬಟ್ಟೆ ಇರುವ ಕಡೆ ಯಾರೂ ಕಲ್ಲನ್ನೂ ಎಸೆಯುವಂತಿಲ್ಲ. ಏಕೆಂದರೆ ಕೂಗು ಚೆನ್ನಾಗಿದ್ದಷ್ಟೂ ಕರೆಯುವವನೇ ಹಕ್ಕಿಯಾಗುತ್ತಾನೆ. ನಾನು ಕಟ್ಟಿದೆ. ಸಾಹೇಬ ಅದನ್ನು ನೋಡಿ, "ಕೆಂಪು ಬಣ್ಣ ಹಕ್ಕಿಗೆ ಮೊದಲು ಕಾಣ್ತದೆ, ತೆಗೀರಿ" ಎಂದ. ಬಟ್ಟೆ ಬಿಚ್ಚಿದವನು ನನ್ನ ತಮ್ಮ. ಅಪ್ಪನ ಮಾತು ಅವನಿಗೂ ಗೊತ್ತಿತ್ತು. ಬಿಚ್ಚಿ ಮಡಿಚಿ ಜೇಬಿನಲ್ಲಿಟ್ಟುಕೊಂಡ.

"ಇಲ್ಲೇ ಕುಂಡ್ರು, ನಮಗ ಗೊತ್ತದ ನೀ ಎಲ್ಲಿದ್ದಿ ಅಂತ" ಎಂದ.

ಅವರಿಬ್ಬರೂ ಕೆಳಗೆ ಒಂದು ಬಂಡೆಯ ಮರೆಗೆ ಹೋಗಿ ಕೂತರು. ರಬ್ಬರಿನ ಹಕ್ಕಿ ನಡುವಿನ ಬಯಲಲ್ಲಿ ನಿಂತಿತು. ನಾನು ಗಂಟಲು ಸರಿಮಾಡಿಕೊಂಡು ಕರೆದೆ. ಕರೆದದ್ದು ಸವಾಲಿನ ಕೂಗಲ್ಲ, ಅಪಾಯದ ಕೂಗು. ಕಿರ್ರ್, ಕಿರ್ರ್. ಮೇಲಿನ ಹುಲ್ಲಿನಲ್ಲಿ ಸರಸರ ಎಂದಿತು. ಒಂದು ಜೊತೆ ತಲೆ ತಗ್ಗಿಸಿ ಗುಡ್ಡದ ಆಚೆಗೆ ಓಡಿತು. ಇನ್ನೊಮ್ಮೆ ಕರೆದೆ, ಇನ್ನೆರಡು ಓಡಿದವು. ಹೀಗೆ ಬಿಸಿಲು ಬೀಳುವವರೆಗೆ ಆ ಮಗ್ಗುಲನ್ನೆಲ್ಲ ಖಾಲಿ ಮಾಡಿದೆ. ಅಷ್ಟು ಖುಷಿ ನನಗೆ ಬಹಳ ವರ್ಷದಿಂದ ಆಗಿರಲಿಲ್ಲ. ಕೆಳಗೆ ಸಾಹೇಬ ಗೊಣಗುವುದು ಕೇಳುತ್ತಿತ್ತು. "ನಿಮ್ಮಕ್ಕ ಕರೀತಾಳೋ ಓಡಿಸ್ತಾಳೋ?" ಎಂದು ನಕ್ಕ. ಆಮೇಲೆ, "ಅಗಸಿಯಲ್ಲಿ ಸಗಣಿ ನೀರು ನಿನಗೆ, ನನಗಲ್ಲ ಮತ್ತೆ" ಎಂದು ಇನ್ನಷ್ಟು ನಕ್ಕ.

ತಮ್ಮ ಬಗ್ಗಿಕೊಂಡು ನನ್ನ ಕಂಟಿಯವರೆಗೆ ಬಂದ. ಮುಖ ಕಪ್ಪಿಟ್ಟಿತ್ತು.

"ಖರೇ ಕೂಗು ಕೂಗು. ನನಗ ತಿಳೀತದ ನೀ ಏನ್ ಮಾಡಾಕತ್ತಿ ಅಂತ. ಇವತ್ತು ನನ್ನ ಇಜ್ಜತ್ ಹೋತಂದ್ರ, ಸಂಜಿಗಿ ನಿನ್ನ ಮಷೀನ್ ಬೀದ್ಯಾಗ ಇರ್ತದ ನೋಡು."

ಅವನು ಹಿಂದಿರುಗಿದ. ಆ ಮನುಷ್ಯ ಮಾತಿಗೆ ತಪ್ಪುವವನಲ್ಲ, ಕೆಟ್ಟ ಮಾತಿಗಂತೂ ತಪ್ಪಿದ್ದೇ ಇಲ್ಲ. ಬಿಸಿಲು ಬೆನ್ನು ಸುಡುತ್ತಿತ್ತು, ಆದ್ದರಿಂದ ಪಕ್ಕದ ಕಾರೆಕಂಟಿಯ ನೆರಳಿಗೆ ತೆವಳಿ ಕೂತೆ. ಕೈ ಬಾಯಿಗಿಟ್ಟು ಖರೇ ಕೂಗು ಕೂಗಿದೆ. ಗಂಡಿನ ಸವಾಲು. ಒಂದು ಸಲ ಕೂಗಿ ನಿಂತೆ. ದೂರದ ಬಂಡೆಯಿಂದ ಒಂದು ಗಂಡು ಉತ್ತರ ಕೊಟ್ಟಿತು. ಮತ್ತೆ ಕೂಗಿದೆ. ಆ ಹಕ್ಕಿ ಬಂಡೆ ಇಳಿದು, ಎದೆ ಉಬ್ಬಿಸಿ, ನನ್ನತ್ತ ಬರತೊಡಗಿತು. ಪಾಪ, ಅದಕ್ಕೂ ತನ್ನ ಜಾಗದ್ದೇ ಚಿಂತೆ. ಮೂರನೆಯ ಸಲ ಬಾಯಿ ತೆರೆದೆ.

ಬಾಣಕ್ಕೆ ನಿಜವಾಗಿಯೂ ಸದ್ದಿರಲಿಲ್ಲ. ಎಡತೋಳಿಗೆ ಯಾರೋ ಹಾರೆಯಿಂದ ಗುದ್ದಿದ ಹಾಗಾಯಿತು. ನೋಡಿದರೆ ಕುಪ್ಪಸದ ತೋಳಿನಿಂದ ಒಂದು ಕರಿ ಕಡ್ಡಿ ಹೊರಬಂದಿತ್ತು, ಅದರ ತುದಿಗೆ ಹಳದಿ ಪುಕ್ಕ. ಆಮೇಲೆ ಕಿರುಚಿದೆ. ಆ ಕಿರುಚಾಟ ಯಾವ ಹಕ್ಕಿಯದೂ ಆಗಿರಲಿಲ್ಲ. ಬಂಡೆಯ ಮರೆಯಿಂದ ಎದ್ದು ನಿಂತವನ ಕೈಯಲ್ಲಿ ಅಡ್ಡಬಿಲ್ಲಿತ್ತು. ಅವನು ನನ್ನ ತಮ್ಮ. ಸಾಹೇಬನಿಂದ ಅದನ್ನು ಯಾವಾಗ ಇಸಿದುಕೊಂಡನೋ ತಿಳಿಯದು.

ಸಾಹೇಬ ತನ್ನ ಬಿಲ್ಲು ಕಸಿದುಕೊಂಡು ಗುಡ್ಡದ ಇನ್ನೊಂದು ಬದಿಗೆ ಇಳಿದವನು ಇವತ್ತಿನವರೆಗೆ ನಮ್ಮೂರ ಕಡೆ ಮುಖ ಹಾಕಿಲ್ಲ. ರಬ್ಬರಿನ ಹಕ್ಕಿಯನ್ನೂ ಬಿಟ್ಟು ಹೋದ. ತಮ್ಮ ನನ್ನನ್ನು ಎತ್ತಿಕೊಂಡೇ ಇಳಿದ. ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಅಂಗಿ ಬಿಚ್ಚಿ ತೋಳಿಗೆ ಸುತ್ತಿದ. ಬಾಣ ಕೀಳಬೇಡ ಎಂದು ನಾನೇ ಹೇಳಬೇಕಾಯಿತು.

ಗುಡ್ಡದಿಂದ ಶಹಾಪುರದ ರಸ್ತೆಗೆ ಬರಬೇಕಾದರೆ ಅಗಸಿಯ ಮುಂದೆಯೇ ಹಾಯಬೇಕು. ಅಲ್ಲಿ ಹೆಂಗಸರು ಬಕೆಟ್ಟು ಹಿಡಿದು ಅಡ್ಡ ನಿಂತಿದ್ದರು. ನಾನು ಕುಪ್ಪಸ ಹೊಲಿದುಕೊಟ್ಟವರೇ ಎಲ್ಲರೂ. ಜೀಪು ನಿಂತಿತು. "ಏನ್ ಹೊಡ್ಕೊಂಡು ಬಂದೀಯೋ ಗುತ್ತಿಗಿದಾರ, ತೋರ್ಸು!" ಎಂದು ಒಬ್ಬಳು ಕೂಗಿದಳು. ಇನ್ನೊಬ್ಬಳು ನಗುತ್ತಲೇ ಹಿಂದಿನ ಬಾಗಿಲಿಗೆ ಬಗ್ಗಿ ನೋಡಿದಳು. ಅವಳ ನಗು ಅಲ್ಲಿಯೇ ಸತ್ತಿತು. "ಯವ್ವಾ, ಅಕ್ಕನ್ನ ಹೊಡ್ಕೊಂಡು ಬಂದಾನ" ಎಂದಳು. ಬಕೆಟ್ಟುಗಳು ಒಂದೊಂದಾಗಿ ಕೆಳಗಿಳಿದವು, ದಾರಿ ಬಿಟ್ಟರು.

ದಾರಿಯುದ್ದಕ್ಕೂ ತಮ್ಮ ಅಳುತ್ತ ಗಾಡಿ ಓಡಿಸಿದ. "ಹಕ್ಕಿ ಅಂತ ತಿಳ್ಕೊಂಡೆ ಅಕ್ಕಾ, ನೀ ಜಾಗಾ ಬದಲಿ ಮಾಡಿದ್ದು ನನಗೇನು ಗೊತ್ತು? ದೇವ್ರಾಣಿ, ಕಂಟ್ಯಾಗ ಹಕ್ಕಿನೇ ಅದ ಅಂತ ತಿಳ್ಕೊಂಡೆ." ನಾನು ನಂಬಿದೆ. ನೋವಿನಲ್ಲಿಯೂ ಒಂದು ಕಡೆ ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ. ಜೊತೆಗೆ ಹುಟ್ಟಿ ಬೆಳೆದವನೇ ಹಕ್ಕಿಯೆಂದು ಮೋಸಹೋಗುವಂತೆ ನಾನು ಕರೆದಿದ್ದೆನಲ್ಲ.

ಶಹಾಪುರದ ಆಸ್ಪತ್ರೆಯಲ್ಲಿ ಬಾಣ ತೆಗೆದರು, ಹೊಲಿಗೆ ಹಾಕಿದರು. ಡಾಕ್ಟರಮ್ಮ ಬಾಣವನ್ನು ತಟ್ಟೆಯಲ್ಲಿ ಹಿಡಿದು, "ಇದು ಪೊಲೀಸ್ ಕೇಸು. ನಾನು ತಿಳಿಸಲೇಬೇಕು" ಎಂದು ಹೊರಗೆ ಹೋದಳು. ಅಷ್ಟರಲ್ಲಿ ತಮ್ಮ ಮಂಚದ ಬಳಿ ಬಂದ. ಜೀವನದಲ್ಲಿ ಮೊದಲ ಬಾರಿ ನನ್ನ ಕಾಲು ಹಿಡಿದ.

"ಅಕ್ಕಾ, ಹಕ್ಕಿ ಅಂತ ತಿಳ್ಕೊಂಡು ಹೊಡದಾನ, ಬೇಕಂತ ಅಲ್ಲ ಅಂತ ಹೇಳು. ಇಲ್ಲಂದ್ರ ಅಕ್ಕನ್ನ ಕೊಲ್ಲಾಕ ಹೋಗಿದ್ದ ಅಂತ ಒಳಗ ಹಾಕ್ತಾರ. ಮನಿ ನಿನ್ನ ಹೆಸರಿಗಿ ಮಾಡಿಕೊಡ್ತೀನಿ. ನಾಳೆನ ರಿಜಿಸ್ಟರ್ ಆಫೀಸಿಗಿ ಹೋಗೂಣು."

"ಖರೇನ?"

"ಅವ್ವನಾಣಿ."

ಅದರಲ್ಲಿ ನನಗೆ ಸುಳ್ಳು ಹೇಳುವುದೇನೂ ಕಾಣಲಿಲ್ಲ. ನಾನು ನಂಬಿದ್ದನ್ನೇ ಹೇಳಬೇಕು, ಹೇಳಿದರೆ ಪಡಸಾಲೆ ನನ್ನದಾಗುತ್ತದೆ. ತೋಳು ಕೊಟ್ಟು ಸೂರು ಪಡೆದೆ ಎಂದುಕೊಂಡೆ. "ಹೊರಗ ಹೋಗಿ ಕುಂಡ್ರು, ನಾ ನೋಡ್ಕೋತೀನಿ" ಎಂದೆ. ಅವನು ಗೋಡೆಯಾಚೆಯ ಜಗಲಿಗೆ, ರೋಗಿಗಳ ಕಡೆಯವರು ಕೂರುವ ಬೆಂಚಿಗೆ ಹೋದ. ಒಳಗಿನಿಂದ ಅವನು ಕಾಣುತ್ತಿರಲಿಲ್ಲ, ಅವನಿಗೆ ನಾನೂ ಕಾಣುತ್ತಿರಲಿಲ್ಲ.

ಹವಾಲ್ದಾರ ಬಂದ. ವಯಸ್ಸಾದ ಮನುಷ್ಯ, ಕುರ್ಚಿ ಎಳೆದು ಕೂತು ಒಂದೊಂದಾಗಿ ಕೇಳಿದ. ನಾನು ಹೇಳಿದೆ. ಬಿಲ್ಲು ಸಾಹೇಬನದು, ಹೊಡೆದವನು ತಮ್ಮ, ನಾನು ಕಂಟಿಯಲ್ಲಿ ಕೂತು ಕೌಜುಗದ ಹಾಗೆ ಕರೆಯುತ್ತಿದ್ದೆ, ತಮ್ಮ ಹಕ್ಕಿಯೆಂದೇ ತಿಳಿದುಕೊಂಡ, ಪಾಪ ಅವನದೇನೂ ತಪ್ಪಿಲ್ಲ.

ಹವಾಲ್ದಾರ ಪೆನ್ನು ನಿಲ್ಲಿಸಿದ. "ಅಲ್ರಿ ಅಕ್ಕಾರ, ಹೆಣ್ಣುಮಗಳ ದನಿಗೂ ಕೌಜುಗದ ದನಿಗೂ ಫರಕ್ ತಿಳೀಲಿಲ್ಲೇನು ಅವಗ? ಯಾರರ ನಂಬ್ತಾರೇನ್ರಿ?"

"ನಂಬ್ತಾರ್ರಿ. ಖುದ್ ಹಕ್ಕಿನೇ ನಂಬ್ತದ."

"ಹಂಗಾರ ಕೂಗ್ರಿ ನೋಡೂಣು."

ನನಗೂ ಬೇಕಾದದ್ದು ಅದೇ. ತಮ್ಮನನ್ನು ಉಳಿಸಲು ಅದಕ್ಕಿಂತ ದೊಡ್ಡ ಸಾಕ್ಷಿ ಯಾವುದಿತ್ತು? ಬಲಗೈಯನ್ನು ಬಾಯಿಗಿಟ್ಟು, ಗುಡ್ಡದಲ್ಲಿ ಕೂಗಿದ ಅದೇ ಸವಾಲಿನ ಕೂಗನ್ನು ಕೂಗಿದೆ. ಒಣಗಿದ ಗಂಟಲಿನಿಂದಲೂ ಚೊಕ್ಕವಾಗಿ ಬಂತು. ಹವಾಲ್ದಾರ ಥಟ್ಟನೆ ಕಿಟಕಿಯತ್ತ ತಿರುಗಿದ. ಎದುರಿನ ಮಂಚದ ಮುದುಕಿ, "ಕೌಜುಗ ಒಳಗ ಬಂದದ ನೋಡ್ರಿ, ಓಡಿಸ್ರಿ" ಎಂದು ಎದ್ದು ಕೂತಳು. ಗೋಡೆಯಾಚೆಯಿಂದಲೂ ಜನ "ಎಲ್ಲ್ಯದ, ಎಲ್ಲ್ಯದ, ತಗಡಿನ ಮ್ಯಾಲ ಅದ" ಎನ್ನುವುದು ಕೇಳಿಸಿತು. ಹವಾಲ್ದಾರನ ಮುಖದಲ್ಲಿ ನಂಬಿಕೆ ಬರುತ್ತಿತ್ತು. ನಾನು ಇನ್ನೊಮ್ಮೆ ಕೂಗಿದೆ.

ಆಗ ಗೋಡೆಯಾಚೆಯಿಂದ, ಆ ಗದ್ದಲದ ನಡುವಿನಿಂದ, ತಮ್ಮನ ದನಿ ಬಂತು.

"ಅಕ್ಕಾ, ಸಾಕ ಮಾಡವ್ವ! ಪೊಲೀಸರ ಮುಂದ ಯಾಕ ಕೂಗಾಕತ್ತಿ?"

ಹೊರಗಿದ್ದವರೆಲ್ಲ ಹಕ್ಕಿ ಹುಡುಕುತ್ತಿದ್ದರು. ಅವನೊಬ್ಬ ಹುಡುಕಲಿಲ್ಲ. ಗೋಡೆ ಅಡ್ಡವಿತ್ತು, ಮಂದಿಯ ಗಲಾಟೆಯಿತ್ತು, ಆದರೂ ಅವನಿಗೆ ಒಂದು ಕ್ಷಣವೂ ಸಂಶಯ ಬರಲಿಲ್ಲ. ಗುಡ್ಡದಲ್ಲಿ ಗೋಡೆಯೂ ಇರಲಿಲ್ಲ, ಗಲಾಟೆಯೂ ಇರಲಿಲ್ಲ.

ಹವಾಲ್ದಾರ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಅವನು ಎದ್ದು ಬಾಗಿಲಿಗೆ ಹೋಗಿ ತಮ್ಮನನ್ನು ಒಳಗೆ ಕರೆದ.

"ಏನೋ, ಇಲ್ಲಿ ಗ್ವಾಡಿ ಆಚಿಂದ ಅಕ್ಕ ಅಂತ ತಿಳೀತು, ಅಲ್ಲಿ ಬಯಲಾಗ ಹಕ್ಕಿ ಅಂತ ತಿಳೀತೇನು?"

ತಮ್ಮ ನನ್ನತ್ತ ನೋಡಿದ. ಅವನು ನನ್ನನ್ನು ಕೊಲ್ಲಲು ಹೊಡೆದನೆಂದು ನಾನು ಇವತ್ತಿಗೂ ಹೇಳುವುದಿಲ್ಲ. ಸಾಹೇಬ ನಕ್ಕಿದ್ದ, ಅಗಸಿಯಲ್ಲಿ ಸಗಣಿ ನೀರು ಕಾದಿತ್ತು, ಹೊಟ್ಟೆಯಲ್ಲಿ ಸಿಟ್ಟಿತ್ತು, ಕೈಯಲ್ಲಿ ಬಿಲ್ಲಿತ್ತು. ಕಂಟಿಗೆ ಹೊಡೆದು ಹೆದರಿಸೋಣ ಎಂದುಕೊಂಡಿರಬಹುದು. ಆದರೆ ಕಂಟಿಯಲ್ಲಿ ಯಾರಿದ್ದಾರೆಂದು ಗೊತ್ತಿದ್ದೇ ಹೊಡೆದ. ಹೊಡೆದ ಮೇಲೆ ಅಳುತ್ತ, ಅವ್ವನ ಆಣೆ ಹಾಕುತ್ತ, ನನ್ನ ವಿದ್ಯೆಯ ಬೆನ್ನಿಗೇ ಅಡಗಿಕೊಂಡ. ಬಾಣಕ್ಕಿಂತ ಅದು ನನಗೆ ಹೆಚ್ಚು ಉರಿಯಿತು.

"ಮೊದಲು ಹೇಳಿದ್ದು ಬಿಡ್ರಿ" ಎಂದೆ ಹವಾಲ್ದಾರನಿಗೆ. "ಹೊಸದಾಗಿ ಬರ್ಕೋರಿ. ನಾ ಅದೀನಿ ಅಂತ ಗೊತ್ತಿದ್ದೇ ಹೊಡದಾನ."

"ಅಕ್ಕಾ, ಮನಿ..." ಎಂದ ತಮ್ಮ.

"ಮನಿ ನಿನ್ನ ಹೆಸರಿಲೆ ಅದ. ನೀನ ಇರು."

ಹವಾಲ್ದಾರ ಹೊಸ ಹಾಳೆ ತೆಗೆದು, "ಅಕ್ಕಾರ, ನೀವು ಕರದೀನಿ ಅಂತ ಬರದ್ರ ಅರಣ್ಯ ಇಲಾಖ್ಯಾವ್ರು ನಿಮ್ಮ ಮ್ಯಾಲೂ ಕೇಸ್ ಹಾಕ್ತಾರ. ಅದನ್ನೂ ಬರೀಲೇನು?" ಎಂದ.

"ಬರೀರಿ. ಕರದಾಕಿ ನಾನೇ."

ಬರೆದ. ನಾನು ಬಲಗೈಯಿಂದ ಸಹಿ ಹಾಕಿದೆ. ಆಸ್ಪತ್ರೆಯಿಂದ ಬಿಡುವಷ್ಟರಲ್ಲಿ ನನ್ನ ಯಂತ್ರ ಮನೆಯ ಹೊರಗಿನ ಕಟ್ಟೆಗೆ ಬಂದಿತ್ತು, ಬಾಗಿಲಿಗೆ ಬೀಗ ಬಿದ್ದಿತ್ತು. ನಾನು ಹೇಳಿದೆನಲ್ಲ, ಅವನು ಕೆಟ್ಟ ಮಾತಿಗೆ ತಪ್ಪುವವನಲ್ಲ.

ಈಗ ರಂಗಂಪೇಟೆಯಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ಎಡಗೈ ಹೆಗಲಿನ ಮೇಲಕ್ಕೆ ಏಳುವುದಿಲ್ಲ, ಬಟ್ಟೆ ಸರಿಸುವಷ್ಟು ಏಳುತ್ತದೆ. ಎರಡು ಕೇಸುಗಳೂ ನಡೆಯುತ್ತಿವೆ, ಒಂದರಲ್ಲಿ ನಾನು ಸಾಕ್ಷಿ, ಇನ್ನೊಂದರಲ್ಲಿ ತಮ್ಮನ ಪಕ್ಕದಲ್ಲಿಯೇ ಆರೋಪಿ. ಸಾಹೇಬನ ಹೆಸರು ಎರಡರಲ್ಲಿಯೂ ಕಡೆಯಲ್ಲೆಲ್ಲೋ ಇದೆ, ಅವನು ಬರುವುದೇ ಇಲ್ಲ.

ಮೊನ್ನೆ ತಮ್ಮ ರಾಜಿಗೆಂದು ನನ್ನ ಕೋಣೆಗೆ ಬಂದ. ಬಾಗಿಲ ನಡುವೆ ನಿಂತು, ಒಳಗೆ ಕರೆಯಲಿ ಎಂದು ಕಾದ. ನಾನು ಕರೆಯಲಿಲ್ಲ.

"ಅಕ್ಕಾ, ಜಡ್ಜ್ ಮುಂದ ಒಂದ್ ಮಾತು ಹೇಳು. ದೇವ್ರಾಣಿ, ಹಕ್ಕಿ ಅಂತನ ತಿಳ್ಕೊಂಡಿದ್ದೆ."

"ಹಂಗಾರ ದವಾಖಾನ್ಯಾಗ ಅಕ್ಕಾ ಅಂತ ಯಾರನ್ನ ಕರದಿ?"

ಅವನು ನಿಂತೇ ಇದ್ದ. ಯಂತ್ರದಲ್ಲಿ ಅರ್ಧ ಹೊಲಿದ ಕುಪ್ಪಸವಿತ್ತು, ಸೂಜಿಯ ಕಣ್ಣಿನಿಂದ ದಾರ ತಪ್ಪಿತ್ತು.

"ಬೆಳಕಿಗಿ ಅಡ್ಡ ನಿಂತಿ, ಆಚಿ ಸರಿ" ಎಂದೆ.